ಕೈಗೆ ಸಿಗದ ಗುರುತು ಕೊಳವೆ

ನೀರಿನೊಳಗಿನ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು, ಶಾರ್ಕ್ ನೋಡಿದ್ದೀರಾ ಎಂದು. ನನ್ನ ವೃತ್ತಿಯೆಲ್ಲ ಕಳೆದದ್ದು ಮುಂಬೈ ಪಕ್ಕ, ಸಮುದ್ರ ಒಳಹೊಕ್ಕ ಥಾಣೆಯ ಖಾಡಿಯಲ್ಲಿ, ವಾಶಿ ಕಡೆಯ ಸೇತುವೆ ಕಂಬಗಳ ಬುಡದಲ್ಲಿ, ಕಲ್ಯಾಣದ ಹೊಳೆಯಲ್ಲಿ. ಅಲ್ಲಿ ಶಾರ್ಕ್ ಹಾಗಿರಲಿ, ಮುಖದ ಮುಂದೆ ಹಿಡಿದ ನಮ್ಮದೇ ಅಂಗೈ ಕಾಣುವುದಿಲ್ಲ. ಕೆಸರು, ಹರಿದ ಗೋಣಿ, ಪೂಜೆಯ ಹೂವು ತುಂಬಿ ಎಸೆದ ಪ್ಲಾಸ್ಟಿಕ್ ಚೀಲ, ಯಾವುದೋ ಕಾಲದ ಕಬ್ಬಿಣದ ಸರಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು, ಕರೆಂಟ್ ಹೋದ ಮನೆಯಲ್ಲಿ ಗೋಡೆ ತಡವಿದಂತೆ ಕಂಬವನ್ನು ತಡವಿ, ಎಲ್ಲಿ ಕಾಂಕ್ರೀಟ್ ಕಿತ್ತಿದೆ, ಎಲ್ಲಿ ಸರಳು ಹೊರಬಂದಿದೆ ಎಂದು ಮೇಲೆ ಬಂದು ಹೇಳುವುದು ನಮ್ಮ ಕೆಲಸ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಈ ಕೆಲಸದಲ್ಲಿ ಅಪಾಯ ಕೆಳಗಿಲ್ಲ, ಮೇಲಿದೆ. ಖಾಡಿಯಲ್ಲಿ ಮೀನಿನ ದೋಣಿಗಳು ಓಡಾಡುತ್ತವೆ, ಮರಳಿನ ದೋಣಿಗಳು ಓಡಾಡುತ್ತವೆ, ಅವುಗಳ ಅಡಿಯಲ್ಲಿ ಎಂಜಿನ್ನಿನ ಪಂಖಾ ತಿರುಗುತ್ತಿರುತ್ತದೆ. ಕಂದು ನೀರಿನಲ್ಲಿ ಮೇಲೆದ್ದ ಮನುಷ್ಯನ ತಲೆ ದೋಣಿಯವನಿಗೆ ತೇಲುವ ತೆಂಗಿನಕಾಯಿಯ ಹಾಗೆ ಕಾಣುತ್ತದೆ, ಕಂಡರೆ. ಅದಕ್ಕಾಗಿಯೇ ನಮಗೆ ಗುರುತು ಕೊಳವೆ ಕೊಡುವುದು. ಆಳೆತ್ತರದ ಕಿತ್ತಳೆ ಬಣ್ಣದ ಬಟ್ಟೆಯ ಚೀಲ ಅದು. ಮೇಲೆ ಬರುವ ಮೊದಲು, ಕೆಳಗಿನಿಂದಲೇ ಅದರೊಳಗೆ ಸ್ವಲ್ಪ ಗಾಳಿ ಬಿಟ್ಟರೆ ಅದು ರೀಲಿನ ದಾರ ಬಿಚ್ಚಿಕೊಂಡು ಏರಿ, ನೀರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ನೋಡಿದ ದೋಣಿಯವನು ಸುತ್ತು ಹಾಕಿಕೊಂಡು ಹೋಗುತ್ತಾನೆ. ನಮ್ಮವರು ಅದನ್ನು ಸಾಸೇಜ್ ಎನ್ನುತ್ತಿದ್ದರು. ಡೊಂಬಿವಲಿಯ ನಮ್ಮ ಮನೆಯಲ್ಲಿ ಒಮ್ಮೆ ಫೋನಿನಲ್ಲಿ "ನನ್ನ ಸಾಸೇಜ್ ಚೀಲದಲ್ಲೇ ಉಳಿದಿದೆ" ಎಂದು ಹೇಳಿದ್ದೇ ತಪ್ಪಾಯಿತು. ಅಪ್ಪ ಸಸ್ಯಾಹಾರಿ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಜೀವನ ಕಳೆದವರು. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಎಂತ ಹೇಳುದು ನೀನು? ಮಾಂಸದ ಚೀಲ ನಮ್ಮ ಮನೆಯೊಳಗಾ?" ಎಂದರು. ಕಿತ್ತಳೆ ಬಟ್ಟೆಯನ್ನು ಬಿಡಿಸಿ ಊದಿ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ನನಗೆ ಕೆಲಸ ಕಲಿಸಿದವರು ಸಾವಂತ್ ಸಾಹೇಬರು. ನಮ್ಮ ಗುತ್ತಿಗೆ ಕಂಪನಿಯ ಮೊದಲ ಸೂಪರ್‌ವೈಸರ್. ಬೈಗುಳವಿಲ್ಲದೆ ಅವರಿಗೆ ಮಾತು ಶುರುವಾಗುತ್ತಿರಲಿಲ್ಲ. ಆದರೆ ಕೊಳವೆಯ ವಿಷಯದಲ್ಲಿ ಅವರು ಹೇಳಿದ್ದೆಲ್ಲ ಇವತ್ತಿಗೂ ಸರಿ. ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸು. ಮುಚ್ಚಿದ ತುದಿಯಿಂದ ಬಾಯಿಯ ಕಡೆಗೆ ಸುತ್ತುತ್ತಾ ಬಾ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಲಿ. ರಬ್ಬರಿನಲ್ಲಿ ಕಟ್ಟು. ತೊಡೆಯ ಜೇಬಿನಲ್ಲಿಡು, ಪ್ರತಿಸಲವೂ ಅದೇ ತೊಡೆ, ಅದೇ ಜೇಬು. ಸೊಂಟದಿಂದ ರೀಲು ನೇತಾಡಿಸಿಕೊಂಡು ಬಂದವನನ್ನು ಅವರು ದೋಣಿ ಹತ್ತಲು ಬಿಡುತ್ತಿರಲಿಲ್ಲ. ನೇತಾಡುವುದೆಲ್ಲ ಕೆಳಗೆ ಯಾವುದಾದರೂ ಸರಳಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ನೀನೂ ಸಿಕ್ಕಿಕೊಳ್ಳುತ್ತೀ.

ಬಸವರಾಜ ನಮ್ಮ ತಂಡಕ್ಕೆ ಬಂದದ್ದು ಅವರ ಕಾಲದಲ್ಲೇ. ವಿಜಯಪುರದ ಕಡೆಯವನು. ಕೃಷ್ಣೆಯ ಹಿನ್ನೀರಿನಲ್ಲಿ ಈಜು ಕಲಿತವನು, ಎತ್ತರದ ಆಳು, ಎತ್ತಿನಂತಹ ಹೆಗಲು. ಹೆಂಡತಿ ರೇಣುಕಾ ಜೊತೆ ದಿವಾದಲ್ಲಿ ಒಂದು ಖೋಲಿಯಲ್ಲಿದ್ದ. ನನ್ನ ಕರಾವಳಿ ಕನ್ನಡ ಕೇಳಿ ಅವನಿಗೆ ನಗು, ಅವನ ಮಾತು ಕೇಳಿ ನನಗೆ ನಗು. ಮರಾಠಿ, ಹಿಂದಿ ಕೂಗಾಡುವ ದೋಣಿಯಲ್ಲಿ ನಾವಿಬ್ಬರು ಒಂದು ಮೂಲೆಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದೆವು.

ಅವನ ಮೊದಲ ಎಡವಟ್ಟು ಕಲ್ಯಾಣದ ಹೊಳೆಯಲ್ಲಿ. ಕೊಳವೆಗೆ ಗಾಳಿ ಬಿಡುವಾಗ ರೀಲನ್ನು ಕೈಯಲ್ಲಿ ಹಿಡಿಯಬೇಕು, ಮೈಗೆ ಸಿಕ್ಕಿಸಿಕೊಳ್ಳಬಾರದು. ಇವನು ಎದೆಯ ಪಟ್ಟಿಯ ಉಂಗುರಕ್ಕೆ ಸಿಕ್ಕಿಸಿಕೊಂಡಿದ್ದ. ರೀಲು ಜಾಮ್ ಆಯಿತು, ಕೊಳವೆ ಇವನನ್ನೇ ಎಳೆದುಕೊಂಡು ಮೇಲೆ ಹಾರಿತು. ಹಾಗೆ ಒಮ್ಮೆಲೇ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಸಾವಂತ್ ಅವನನ್ನು ದೋಣಿಗೆ ಎಳೆದು ಹಾಕಿ, "ಮರಾಯ್ಚಂಯ್ ಕಾ ತುಲಾ?", ಸಾಯಬೇಕಾ ನಿನಗೆ, ಎಂದು ಕೆನ್ನೆಗೆ ಬಾರಿಸಿದರು. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಏನೂ ಆಗಿಲ್ಲ ಎಂದು ಹೇಳುವ ತನಕ ಅವನ ಕೈ ಬಿಡಲಿಲ್ಲ. ಹಾಗೆ ಹೊಡೆದದ್ದಕ್ಕೆ ಸಾವಂತರ ಮೇಲೆ ನನಗೆ ಸಿಟ್ಟಿತ್ತು, ಹೊಡೆಯುವ ಮೇಲಧಿಕಾರಿಯನ್ನು ನಾನು ಹೊಗಳುವುದಿಲ್ಲ. ಆದರೆ ಅವರು ನಮ್ಮ ದೋಣಿಯಲ್ಲಿ ಇರುತ್ತಿದ್ದರು. ನಾವು ಇಳಿದ ನೀರನ್ನು ನೋಡುತ್ತಾ ಬಿಸಿಲಿನಲ್ಲಿ ನಿಲ್ಲುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಬಂದವನು ಶ್ರೀಧರ್, ಸುರಕ್ಷತಾ ಮ್ಯಾನೇಜರ್, ಬೆಂಗಳೂರಿನವನು. ಕನ್ನಡದವನು ಬಂದನೆಂದು ನಾನು ಖುಷಿಪಟ್ಟೆ. ಮನೆಯಿಂದ ನೀರ್‌ದೋಸೆ ಕಟ್ಟಿಸಿಕೊಂಡು ಹೋಗಿ ಕೊಟ್ಟೆ ಕೂಡ. ಆ ದೋಸೆಯ ಬಗ್ಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶ್ರೀಧರ್ ಬಂದಮೇಲೆ ಸಿಲಿಂಡರ್ ಕಟ್ಟುವ ಹೊಸ ಜಾಕೆಟ್ಟುಗಳು ಬಂದವು. ನೋಡಲು ಚಂದ. ಸೇತುವೆ, ಜೆಟ್ಟಿಗಳ ಮಾಲೀಕ ಕಂಪನಿಯವರು ದಡದಲ್ಲಿ ನಿಂತು ನಮ್ಮ ಫೋಟೋ ತೆಗೆಯುತ್ತಿದ್ದ ಕಾಲ ಅದು. ತೊಡೆಯ ಜೇಬುಗಳು ಉಬ್ಬಿಕೊಂಡು ಅಸಹ್ಯವಾಗಿ ಕಾಣುತ್ತವೆ ಎಂದು ಯಾರೋ ಅಂದರಂತೆ. ತೊಡೆಯ ಜೇಬು ರದ್ದಾಯಿತು. ಅದರ ಬದಲು ಬೆನ್ನಿನ ಕೆಳಭಾಗದಲ್ಲಿ, ಸಿಲಿಂಡರಿನ ಅಡಿಗೆ, ಝಿಪ್ ಇರುವ ಒಂದು ಚಪ್ಪಟೆ ಚೀಲ. ಕೊಳವೆ, ರೀಲು ಎರಡೂ ಅದರೊಳಗೆ. ಮುಂದಿನಿಂದ ನೋಡಿದರೆ ಎಲ್ಲರೂ ಇಸ್ತ್ರಿ ಹಾಕಿದ ಹಾಗೆ.

ನಾನು ವಾಶಿಯ ಆಫೀಸಿಗೆ ಹೋದೆ. "ಶ್ರೀಧರ್, ಅದು ಕೈಗೆ ಸಿಗುವುದಿಲ್ಲ ಮಾರಾಯ. ದಪ್ಪ ಗ್ಲೋವ್ಸ್ ಹಾಕಿದ ಕೈ ಬೆನ್ನಿನ ಹಿಂದೆ ಹೋಗಬೇಕು, ಝಿಪ್ಪು ಹುಡುಕಬೇಕು, ಅದೂ ಕೆಸರಿನಲ್ಲಿ. ಬಸವರಾಜನ ಹೆಗಲು ನೋಡಿದ್ದೀರಾ? ಅವನ ಕೈ ಅಲ್ಲಿಗೆ ಮುಟ್ಟುವುದೇ ಕಷ್ಟ" ಎಂದೆ.

"ನೋಡಿ ಸಾರ್," ಎಂದ ಅವನು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಹೊರದೇಶದಲ್ಲೆಲ್ಲ ಹಿಂದೇನೇ ಇಟ್ಕೊಳ್ತಾರೆ. ಪ್ರಾಕ್ಟೀಸ್ ಮಾಡ್ಬೇಕು ಅಷ್ಟೇ. ಬೇರೆ ಯಾರೂ ಕಂಪ್ಲೇಂಟ್ ಮಾಡ್ತಿಲ್ವಲ್ಲ, ನೀವೊಬ್ರೇ."

ಹೊರದೇಶದಲ್ಲಿ ಹಾಗೆ ಇಡುವವರಿದ್ದಾರೆ, ಸುಳ್ಳಲ್ಲ. ಅವರು ತಮ್ಮ ಕೈಗೆ ತಕ್ಕಂತೆ ಚೀಲ ಹೊಲಿಸಿಕೊಂಡು ಈಜುಕೊಳದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ನಮಗೆ ಅಭ್ಯಾಸಕ್ಕೆ ಒಂದು ಮಧ್ಯಾಹ್ನವೂ ಸಿಗಲಿಲ್ಲ. ಆದರೆ ಅವನ ಮಾತಿನಲ್ಲಿ ಒಂದು ನಿಜವಿತ್ತು. ಬೇರೆ ಯಾರೂ ಬಾಯಿ ಬಿಟ್ಟಿರಲಿಲ್ಲ. ದೋಣಿಯಲ್ಲಿ ಎಲ್ಲರೂ ಗೊಣಗುತ್ತಿದ್ದರು, ಆಫೀಸಿನಲ್ಲಿ ಎಲ್ಲರೂ ಚಹಾ ಕುಡಿದು ಬರುತ್ತಿದ್ದರು. ಬಸವರಾಜ ಕೂಡ, "ಹೋಗ್ಲಿ ಬಿಡೋ ಭಟ್ಟಾ, ಜಗಳಾಡ್ಕೋತ ಕುಂತ್ರ ಕೆಲಸಾ ಯಾರು ಮಾಡವ್ರು?" ಎಂದ. ನಾನು ಭಟ್ಟನಲ್ಲ. ಹೋಟೆಲಿನವರ ಮಗ ಎಂದು ಅವನು ಇಟ್ಟ ಹೆಸರು ಅದು.

ಆ ದಿನ ನಾವಿದ್ದದ್ದು ಐರೋಲಿ ಕಡೆಯ ಒಂದು ಹಳೆಯ ಜೆಟ್ಟಿಯ ಹತ್ತಿರ. ಬಸವರಾಜ ಕೆಳಗೆ, ನಾನು ದೋಣಿಯಲ್ಲಿ ನೀರು ಕಾಯುತ್ತಾ. ಕಂಬಗಳ ನಡುವೆ ಹಳೆಯ ಮರದ ದಿಮ್ಮಿಗಳು ಸಿಕ್ಕಿಕೊಂಡಿದ್ದರಿಂದ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವ ಹಾಗಿರಲಿಲ್ಲ. ನೀರು ಇಳಿತಕ್ಕೆ ತಿರುಗಿ ಸೆಳೆತ ಜೋರಾಯಿತು. ಅವನು ಬರಬೇಕಾದ ಹೊತ್ತಾಯಿತು, ಮೀರಿತು. ನಾನು ಕಿತ್ತಳೆ ಬಣ್ಣಕ್ಕಾಗಿ ನೋಡುತ್ತಿದ್ದೆ. ನೀರಿನ ಮೇಲೆ ಏನೂ ಇರಲಿಲ್ಲ.

ಕೆಳಗೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಸೆಳೆತಕ್ಕೆ ಕಂಬ ಕೈತಪ್ಪಿತು. ತೇಲಿಹೋಗುತ್ತಿದ್ದೇನೆ ಎಂದು ಗೊತ್ತಾಯಿತು. ಕೊಳವೆ ಬಿಡೋಣವೆಂದು ಬೆನ್ನಿಗೆ ಕೈ ಹಾಕಿದ. ಚೀಲ ಬೆರಳಿಗೆ ತಾಕಿತು, ಝಿಪ್ಪಿನ ತುದಿ ಸಿಗಲಿಲ್ಲ. ಇನ್ನೊಂದು ಕೈ ಹಾಕಿದ. ಝಿಪ್ಪು ಸಿಕ್ಕಿತು, ಹಲ್ಲುಗಳಲ್ಲಿ ಕೆಸರು ಕೂತು ಅಲುಗಲಿಲ್ಲ. ಗಾಳಿ ಮುಗಿಯುತ್ತಾ ಬಂತು. ಕೊಳವೆಯಿಲ್ಲದೆ ಮೇಲೆ ಬಂದ.

ಅವನು ಎದ್ದದ್ದು ಸೆಳೆತದ ದಿಕ್ಕಿನಲ್ಲಿ ನಮ್ಮ ದೋಣಿಯಿಂದ ಬಹಳ ದೂರ, ಮೀನು ಹಿಡಿದು ಮರಳುತ್ತಿದ್ದ ಒಂದು ದೋಣಿಯ ದಾರಿಯಲ್ಲಿ. ನನಗೆ ಮೊದಲು ಕೇಳಿದ್ದು ಆ ದೋಣಿಯವನ ಕೂಗು. ನಾವು ಹೋಗಿ ಮುಟ್ಟುವಾಗ ಅವನೇ ನೀರಿಗೆ ಹಾರಿ ಬಸವರಾಜನನ್ನು ಹಿಡಿದುಕೊಂಡಿದ್ದ. "ಕಾಯ್ ದಿಸ್ಲಾ ನಾಯ್ ರೇ, ಕಾಯ್ ದಿಸ್ಲಾ ನಾಯ್" ಎಂದು ಅಳುತ್ತಿದ್ದ. ಏನೂ ಕಾಣಲಿಲ್ಲ, ಏನೂ ಕಾಣಲಿಲ್ಲ. ಅವನದೇನೂ ತಪ್ಪಿರಲಿಲ್ಲ. ಪಂಖಾ ಬಸವರಾಜನ ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿತ್ತು. ನನ್ನ ಲುಂಗಿ ಹರಿದು ಬಿಗಿಯಾಗಿ ಕಟ್ಟಿದೆ. ದಡ ಸೇರುವವರೆಗೂ ಅವನು ಒಂದೇ ಮಾತು ಕೇಳುತ್ತಿದ್ದ, "ರೇಣುಕಾಗ ಏನ್ ಹೇಳೂಣು?"

ಜೀವ ಉಳಿಯಿತು. ಕೈ ಉಳಿಯಲಿಲ್ಲ.

ಅವನು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಶ್ರೀಧರನ ವರದಿ ತಯಾರಾಗಿತ್ತು. ಗುರುತು ಕೊಳವೆಯನ್ನು ಮುಳುಗುಗಾರನಿಗೆ ನೀಡಲಾಗಿತ್ತು, ಅವನು ಅದನ್ನು ಬಳಸಲಿಲ್ಲ, ಇದು ಅವನ ನಿರ್ಲಕ್ಷ್ಯ. ನಾನು ಆಫೀಸಿನಲ್ಲಿ ಕುರ್ಚಿ ಎತ್ತಿದೆ. ಹೊಡೆಯಲಿಲ್ಲ, ಎತ್ತಿದೆ. ಇಬ್ಬರು ಹಿಡಿದುಕೊಂಡು ಹೊರಗೆ ಕರೆದುಕೊಂಡು ಹೋದರು. ಬಸವರಾಜ ಆ ವರದಿಯನ್ನು ಒಪ್ಪದಿದ್ದರೆ ಸಾಕು, ಮುಂದಿನದನ್ನು ನೋಡಿಕೊಳ್ಳೋಣ ಎಂದು ನಾನು ಧೈರ್ಯದಿಂದಿದ್ದೆ. ಅವನು ಒಪ್ಪಿ ಸಹಿ ಹಾಕಿದ. ಪ್ರತಿಯಾಗಿ ತುರ್ಭೆಯ ಗೋದಾಮಿನಲ್ಲಿ ಸಲಕರಣೆ ನೋಡಿಕೊಳ್ಳುವ ಕೆಲಸ ಕೊಟ್ಟರು.

ಸುದ್ದಿ ಗೊತ್ತಾದ ಸಂಜೆಯೇ ದಿವಾಕ್ಕೆ ಹೋದೆ. ಅವನು ಮಂಚದ ಮೇಲೆ ಕೂತಿದ್ದ. ರೇಣುಕಾ ಹೊಲಿಗೆ ಮಷಿನ್ನಿನ ಮುಂದೆ. ಅವಳು ಅದೇ ವಠಾರದ ಹೆಂಗಸರ ಬ್ಲೌಸು ಹೊಲಿಯುತ್ತಿದ್ದಳು.

"ನಿರ್ಲಕ್ಷ್ಯ ಅಂತ ಬರೆದಿದ್ದಾರೆ, ಓದಿದ್ದೀಯಾ? ನೀನು ನಿರ್ಲಕ್ಷ್ಯ ಮಾಡಿದೆಯಾ?" ಎಂದು ಕೂಗಿದೆ.

"ಓದೀನಿ."

"ಮತ್ತೆ ಯಾಕೆ ಹಾಕಿದಿ ಮಾರಾಯ?"

ಮಷಿನ್ ನಿಂತಿತು. ರೇಣುಕಾ ನನ್ನ ಕಡೆ ತಿರುಗಿದಳು. "ಅಣ್ಣಾರ, ನೀವು ಸಿಟ್ಟಾಗ್ರಿ, ಬ್ಯಾಡ ಅನ್ನೂದಿಲ್ಲ. ನಮಗೂ ಬಂದದ. ಆದ್ರ ನಿಮ್ಮ ಸಿಟ್ಟು ತಗೊಂಡು ನಾ ಕುಕ್ಕರಿಗೆ ಹಾಕ್ಲೇನ್ರಿ? ಒಂದ ಕೈ ಮನಷ್ಯಾಗ ಯಾರು ಕೆಲಸಾ ಕೊಡ್ತಾರ ಹೇಳ್ರಿ."

ಚಹಾ ಕುಡಿಯದೆ ಎದ್ದು ಬಂದೆ. ಅವನ ಜೊತೆ ಬಹಳ ಕಾಲ ಮಾತು ಬಿಟ್ಟೆ. ನಾನು ಡೊಂಬಿವಲಿಯ ಟೇಲರನೊಬ್ಬನಿಂದ ನನ್ನದೊಂದು ತೊಡೆ ಜೇಬು ಹೊಲಿಸಿಕೊಂಡೆ. ಅದು ಯೂನಿಫಾರ್ಮಿನಲ್ಲಿಲ್ಲವೆಂದು ಶ್ರೀಧರ್ ನನ್ನನ್ನು ನೀರಿನಿಂದ ತೆಗೆದು ದೋಣಿ ಮೇಲ್ವಿಚಾರಣೆಗೆ ಹಾಕಿದ. ಉಳಿದವರು ಬೆನ್ನಿನ ಚೀಲದಲ್ಲೇ ಇಳಿಯುತ್ತಿದ್ದರು. ಇಂತಹ ದುರಂತ ನೋಡಿದ ಮೇಲೂ! ಒಬ್ಬೊಬ್ಬರು ಇಳಿದಾಗಲೂ ನಾನು ಗಡಿಯಾರ ನೋಡುತ್ತಾ ಕಿತ್ತಳೆ ಬಣ್ಣಕ್ಕಾಗಿ ಕಾಯುತ್ತಿದ್ದೆ. ಅವರ ಮೇಲೆ ಕರುಣೆ ಬರುತ್ತಿರಲಿಲ್ಲ. ಎಳೆದು ನಾಲ್ಕು ಬಾರಿಸಬೇಕು ಎನಿಸುತ್ತಿತ್ತು.

ಮಳೆಗಾಲದಲ್ಲಿ ನಮ್ಮ ಕೆಲಸ ನಿಲ್ಲುತ್ತದೆ. ಸಲಕರಣೆಗಳೆಲ್ಲ ತೊಳೆದು ದುರಸ್ತಿ ಮಾಡಲು ಗೋದಾಮಿಗೆ ಹೋಗುತ್ತವೆ. ಆ ವರ್ಷ ಮಳೆ ಮುಗಿದು ಮೊದಲ ಕೆಲಸ ವಾಶಿಯ ಕಡೆ. ಜಾಕೆಟ್ಟಿನ ಮೂಟೆಗಳು ಟೆಂಪೋದಲ್ಲಿ ಬಂದವು. ಬಿಚ್ಚಿದರೆ ಒಂದರ ಬೆನ್ನಿನಲ್ಲೂ ಚೀಲವಿಲ್ಲ. ಪ್ರತಿ ಸೆಟ್ಟಿನ ಜೊತೆಗೂ ತೊಡೆಗೆ ಕಟ್ಟುವ ಜೇಬು, ಗಟ್ಟಿ ಕ್ಯಾನ್ವಾಸಿನದು, ಅಡಿಯಲ್ಲಿ ಕೆಸರು ಹರಿದುಹೋಗಲು ರಂಧ್ರ, ಝಿಪ್ಪಿನ ಬದಲು ಅಗಲದ ವೆಲ್ಕ್ರೋ ಅಂಟುಪಟ್ಟಿ, ಒಳಗೆ ರೀಲು ಸಿಕ್ಕಿಸಲು ಒಂದು ಕುಣಿಕೆ. ಗ್ಲೋವ್ಸ್ ಹಾಕಿದ ಕೈಯಲ್ಲಿ ಎಳೆದು ನೋಡಿದೆ. ಕೊಳವೆ ಒಂದೇ ಸಲಕ್ಕೆ ಕೈಗೆ ಬಂತು. ಹೊಲಿಗೆ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಮಳೆಗಾಲವಿಡೀ ಬಸವರಾಜ ಆ ಜಾಕೆಟ್ಟುಗಳನ್ನು ಲೋಕಲ್ ಟ್ರೇನಿನಲ್ಲಿ ಹೊತ್ತು ದಿವಾಕ್ಕೆ ಒಯ್ದಿದ್ದ. ಅವನು ಒಂದು ಕೈಯಲ್ಲಿ ಚೀಲ ಬಿಚ್ಚಿ ಕೊಟ್ಟರೆ ರೇಣುಕಾ ಜೇಬು ಹೊಲಿದಿದ್ದಳು.

ಶ್ರೀಧರ್ ದೋಣಿಕಟ್ಟೆಯಿಂದಲೇ ಗೋದಾಮಿಗೆ ಫೋನ್ ಹಚ್ಚಿದ. "ಯಾರ್ ಪರ್ಮಿಷನ್ ತಗೊಂಡ್ರಿ ಬಸವರಾಜ್?" ಸ್ಪೀಕರಿನಲ್ಲಿ ಬಸವರಾಜನ ಸ್ವರ ನಮಗೆಲ್ಲ ಕೇಳಿತು. "ಝಿಪ್ ಕೆಟ್ಟಿದ್ವು ಸರ. ರಿಪೇರಿ ಮಾಡಂತ ನೀವ ಹೇಳಿದ್ರಿ. ಮಾಡೀನಿ."

ಹಳೆಯ ಚೀಲ ತರಿಸುವವರೆಗೆ ಕೆಲಸ ನಿಲ್ಲಿಸಿ ಎಂದ ಶ್ರೀಧರ್. ದಡದಲ್ಲಿ ಜೆಟ್ಟಿಯ ಮಾಲೀಕರ ಕಡೆಯವರು ಗಡಿಯಾರ ನೋಡುತ್ತಿದ್ದರು. ಆಗ ನಮ್ಮ ತಂಡದವರು, ಅಷ್ಟು ಕಾಲ ಗೊಣಗುವುದು ಬಿಟ್ಟು ಬೇರೇನೂ ಮಾಡದಿದ್ದವರು, ಒಬ್ಬೊಬ್ಬರಾಗಿ ತೊಡೆಗೆ ಜೇಬು ಕಟ್ಟಿಕೊಳ್ಳತೊಡಗಿದರು. ಮಾಲೀಕರ ಕಡೆಯವರ ಎದುರು ತಡೆಯಲಾಗದೆ ಶ್ರೀಧರ್ ನನ್ನನ್ನು ದುರುಗುಟ್ಟಿ ನೋಡಿದ. ನಾನೂ ಜೇಬು ಕಟ್ಟಿಕೊಂಡು ಅವತ್ತು ನೀರಿಗಿಳಿದೆ. ಸಂಜೆ ನೇರ ತುರ್ಭೆಗೆ ಹೋಗಿ ಬಸವರಾಜನ ಮುಂದೆ ನಿಂತೆ. "ಏನ್ ಭಟ್ಟಾ, ಬಾಯಿ ಬಂತೇನ?" ಎಂದ. ಇಬ್ಬರೂ ಬಹಳ ಹೊತ್ತು ಜಗಳವಾಡಿದೆವು.

ಕತೆ ಇಲ್ಲಿಗೇ ನಿಂತಿದ್ದರೆ ನನ್ನ ಸಿಟ್ಟು ಅರ್ಧವಾದರೂ ಇಳಿಯುತ್ತಿತ್ತು. ಕೆಲವು ತಿಂಗಳ ನಂತರ ಸೀವುಡ್ಸಿನ ಒಂದು ಹೋಟೆಲಿನ ಸಭಾಂಗಣದಲ್ಲಿ ಕಂಪನಿಯ ಸುರಕ್ಷತಾ ಸಮಾರಂಭ. ಹೆಂಡತಿ ಮಕ್ಕಳ ಸಮೇತ ಬರಬೇಕೆಂದು ಕರೆದಿದ್ದರು. ಪರದೆಯ ಮೇಲೆ ಆ ತೊಡೆ ಜೇಬಿನ ಫೋಟೋ ಬಂತು. ಅದು ಸುರಕ್ಷತಾ ವಿಭಾಗದ ಹೊಸ ವಿನ್ಯಾಸವಂತೆ. ಅದಕ್ಕಾಗಿ ಶ್ರೀಧರನಿಗೆ ಗಾಜಿನ ಫಲಕ. ಚಪ್ಪಾಳೆ.

ನಾನು ಕುರ್ಚಿಯ ತುದಿಗೆ ಬಂದಿದ್ದೆ. ನನಗಿಂತ ಮೊದಲು ರೇಣುಕಾ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ವೇದಿಕೆಯ ಮುಂದೆ ಹೋಗಿ ನಿಂತಳು. ಹಿಂದಿ ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಸಿಟ್ಟಿನಲ್ಲಿ ಅದೂ ಮರೆತುಹೋಗಿ ಕನ್ನಡದಲ್ಲೇ ಶುರುಮಾಡಿದಳು. "ಆ ಜೇಬು ನಾ ಹೊಲದೀನ್ರಿ. ನನ್ನ ಗಂಡ ಒಂದ ಕೈಲೆ ಕತ್ತರಿ ಹಿಡದಾನ. ಇನ್ನೊಂದು ಕೈ ಎಲ್ಲಿ ಹೋತು ಅಂತ ಇವರು ಹೇಳಿಲ್ಲ. ನೀವು ಕೊಟ್ಟ ಚೀಲಾ ತಗೀಲಿಕ್ಕಾಗದ ಹೋತು. ಮ್ಯಾಲ ಅವಂದ ತಪ್ಪು ಅಂತ ಬರಸ್ಕೊಂಡ್ರಿ. ಈಗ ಬಹುಮಾನಾನೂ ನೀವ ತಗೊಳ್ರಿ!"

ವೇದಿಕೆಯಲ್ಲಿದ್ದ ನಿರ್ದೇಶಕರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಒಬ್ಬರು ಶ್ರೀಧರನ ಕಡೆ ಬಾಗಿ ಅವಳು ಏನು ಹೇಳುತ್ತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದರು. ವೇದಿಕೆಯ ಮೇಲೆ ಅವಳ ಮಾತು ಪೂರ್ತಿ ಅರ್ಥವಾದವನು ಅವನೊಬ್ಬನೇ. ಅವನು ಮೈಕಿನ ಹತ್ತಿರ ಹೋಗಿ, ನಗುತ್ತಾ, "ಧನ್ಯವಾದ ದೇ ರಹೀ ಹೈ ಸರ್, ಕಂಪನೀ ಕೋ" ಎಂದ, ಕಂಪನಿಗೆ ಧನ್ಯವಾದ ಹೇಳುತ್ತಿದ್ದಾಳಂತೆ. ಜನ ಮತ್ತೆ ಚಪ್ಪಾಳೆ ತಟ್ಟಿದರು.

ನಾನು ಏಳುವಷ್ಟರಲ್ಲಿ ಬಸವರಾಜ ಎದ್ದುಬಿಟ್ಟಿದ್ದ. ಎಲ್ಲದಕ್ಕೂ ಹೋಗ್ಲಿ ಬಿಡು ಎನ್ನುತ್ತಿದ್ದ ಬಸವರಾಜ. ಮೈಕು ಬೇಕಾಗುವ ಗಂಟಲಲ್ಲ ಅವನದು. "ನಹೀಂ ಸಾಬ್. ಧನ್ಯವಾದ ನಹೀಂ ದೇ ರಹೀ," ಎಂದು ಶುರುಮಾಡಿ, ಅವಳ ಒಂದೊಂದು ಮಾತನ್ನೂ ಹಿಂದಿಯಲ್ಲಿ ಹೇಳಿದ. ಆಮೇಲೆ ತನ್ನದೊಂದನ್ನು ಸೇರಿಸಿದ. ತಾನು ಹಾಕಿದ ಸಹಿ ಸುಳ್ಳು, ಕೆಲಸ ಹೋಗುತ್ತದೆಂದು ಹೆದರಿ ಹಾಕಿದ್ದು, ತನ್ನ ಕೈ ಆ ಝಿಪ್ಪಿನ ಮೇಲೆಯೇ ಇತ್ತು ಎಂದ. ಹಿಂದಿನ ಸಾಲಿನಲ್ಲಿ ನಮ್ಮ ತಂಡದವರು ಎದ್ದು ನಿಂತರು. ಊಟಕ್ಕೆ ನಿಲ್ಲದೆ ನಾವೆಲ್ಲ ಒಟ್ಟಿಗೆ ಹೊರಗೆ ಬಂದೆವು. ಮೆಟ್ಟಿಲಿಳಿಯುವಾಗ ರೇಣುಕಾ ಗಂಡನಿಗೆ ಹೇಳಿದ್ದು ನನಗೆ ಕೇಳಿತು. "ಮಷಿನ್ ಒಂದ ಅದ. ಸಾಕಾಗ್ತದ ಬಾ."

ಗೋದಾಮಿನ ಕೆಲಸ ಅವನಿಗೆ ಹೋಯಿತು, ಹೋಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಈಗ ದಿವಾದ ಅದೇ ಖೋಲಿಯಲ್ಲಿ ಗಂಡ ಹೆಂಡತಿ ಸೇರಿ ಮುಳುಗುಗಾರರ ಜೇಬು, ಪಟ್ಟಿ ಹೊಲಿದು ಮಾರುತ್ತಾರೆ. ನಡೆಯುತ್ತಿದೆ. ಶ್ರೀಧರ್ ಇದಕ್ಕಿಂತ ದೊಡ್ಡ ಕಂಪನಿಯಲ್ಲಿ ಇದಕ್ಕಿಂತ ದೊಡ್ಡ ಕುರ್ಚಿಯಲ್ಲಿದ್ದಾನೆ. ಸಭಾಂಗಣದಲ್ಲಿ ಅಷ್ಟು ಜನರ ಎದುರು ನಿಜ ಹೇಳಿದ ಮೇಲೂ ಆ ವರದಿಯನ್ನು ಯಾರೂ ತಿದ್ದಲಿಲ್ಲ. ನಾನು ನಿವೃತ್ತನಾಗುವ ದಿನವೂ ಕೇಳಿದೆ. ಮುಗಿದ ವಿಷಯ ಸಾರ್ ಎಂದರು.

ಮುಗಿದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತರಬೇತಿಯಲ್ಲಿ ಆ ಅಪಘಾತವನ್ನು ಮುಳುಗುಗಾರನ ತಪ್ಪು ಎಂದೇ ಹೇಳುತ್ತಾರೆಂದು ಕೇಳಿದ್ದೇನೆ. ಅವನಿಗೆ ಕೊಟ್ಟದ್ದನ್ನು ಅವನ ಕೈಗೆ ಸಿಗದ ಜಾಗದಲ್ಲಿ ಕಟ್ಟಿದ್ದರು. ಬಸವರಾಜ ನಿರ್ಲಕ್ಷ್ಯ ಮಾಡಲಿಲ್ಲ. ಎಲ್ಲಾದರೂ ಒಂದು ಕಡೆ ಹೀಗೆಂದು ಬರೆದಿರಬೇಕು. ಅದಕ್ಕೆ ಬರೆದಿದ್ದೇನೆ.